ಬನ್ನಿ ಗಿಡಕ್ಕೆ ಕಟ್ಟಿದ ಗಂಟೆ

"ಅಲ್ಲೋ ಯಲ್ಲಪ್ಪಾ, ಚಿರತಿ ಆಡಿನ ಕೊಳ್ಳಾಗಿನ ಗಂಟಿ ಬಿಚ್ಚಿ ಗಿಡಕ್ಕ ಕಟ್ಟತೈತೇನೋ?"

ಫಾರೆಸ್ಟ್ ಗಾರ್ಡ್ ಯಲ್ಲಪ್ಪ ತಲೆ ಕೆರೆದುಕೊಂಡ. ಉತ್ತರ ಗೊತ್ತಿಲ್ಲದಾಗಲೂ, ಗೊತ್ತಿದ್ದು ಹೇಳಲಾರದಾಗಲೂ ಅವನು ಮಾಡುವುದು ಅದೊಂದೇ ಕೆಲಸ.

ಹಾಲವ್ವ ಬನ್ನಿ ಗಿಡದ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಟೊಂಗೆಯಲ್ಲಿ ಒಂದು ಪುಟ್ಟ ಹಿತ್ತಾಳೆ ಗಂಟೆ. ಅದರ ನೆತ್ತಿಗೆ ಹಚ್ಚಿದ ಭಂಡಾರದ ಅರಿಸಿನ ಇನ್ನೂ ಉದುರಿರಲಿಲ್ಲ. ಇವತ್ತೇ ಹಚ್ಚಿದ್ದು.

ಗವಿಗುಡ್ಡದ ಗಂಡು ಚಿರತೆ ಹಳ್ಳದಲ್ಲಿ ವಿಷ ಬೆರೆತ ಆಡಿನ ಮಾಂಸ ತಿಂದು ಸತ್ತು ಒಂದು ವಾರದ ಮೇಲಾಗಿತ್ತು. ಇವತ್ತು ಬೆಳಿಗ್ಗೆ ಅದೇ ಹಳ್ಳದಲ್ಲಿ ಮತ್ತೊಂದು ಆಡು ಸತ್ತು ಬಿದ್ದಿತ್ತು. ಕೊರಳಲ್ಲಿ ಚಿರತೆಯ ಹಲ್ಲಿನ ಗುರುತು, ಸುತ್ತಲೂ ಸತ್ತ ಕಾಗೆಗಳು. ಮಾಂಸದಿಂದ ಹತ್ತಿ ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ ಎಣ್ಣೆಯ ವಾಸನೆ ಮೂಗಿಗೆ ರಾಚುತ್ತಿತ್ತು.

ಆಡಿನ ಒಂದು ಹಿಂಗಾಲು ಇರಲಿಲ್ಲ. ಚಿರತೆ ಹರಿದದ್ದಲ್ಲ, ಕುಡುಗೋಲಿನಿಂದ ಕೊಯ್ದದ್ದು.

ಉಳಿದದ್ದನ್ನು ಹೂಳಿಸಿ ಆಗಿತ್ತು. ಆದರೆ ವಿಷ ಬೆರೆತ ಆ ಕಾಲು ಗುಡ್ಡದಲ್ಲಿ ಎಲ್ಲೋ ಇತ್ತು. ಗುಡ್ಡದ ಮೇಲೆ ಎರಡು ಮರಿ ಹಾಕಿದ ಹೆಣ್ಣು ಚಿರತೆ ಇತ್ತು. ಮುಂಜಾನೆ ಬೇಟೆಗೆ ಹೋದ ಅದು ಹೊತ್ತು ಮುಳುಗುವ ಸಮಯಕ್ಕೆ ಗವಿಯಲ್ಲಿನ ಮರಿಗಳ ಹತ್ತಿರ ಮರಳುತ್ತದೆ. ಅಷ್ಟರೊಳಗೆ ಕಾಲು ಸಿಗಬೇಕು. ಸಿಗದಿದ್ದರೆ ತಾಯಿಯೂ ಇಲ್ಲ, ಹಾಲು ಕುಡಿಯುವ ಮರಿಗಳೂ ಇಲ್ಲ.

"ಇದರಾಗೇನೈತ್ರಿ ಹುಡುಕೂದು?" ಯಲ್ಲಪ್ಪ ಕೊನೆಗೂ ಬಾಯಿ ಬಿಟ್ಟ. "ಆವತ್ತಿನ ಆಡೂ ಅಡಿವೆವ್ವಂದು, ಇವತ್ತಿಂದೂ ಅಡಿವೆವ್ವಂದು. ಸಿಟ್ಟಿಗೆ ಎಣ್ಣಿ ಸುರದಾಳ. ಸಂಜಿ ಬಸ್ಸಿಗೆ ಆಕಿನ್ನ ಹಾನಗಲ್ಲಿಗೆ ಕರಕೊಂಡು ಬಾ ಅಂತ ನಮ್ಮ ಫಾರೆಸ್ಟ್ ಸಾಹೇಬ್ರು ಹೇಳ್ಯಾರ."

ಸ್ವಲ್ಪ ದೂರದಲ್ಲಿ ಬಂಡೆಯ ನೆರಳಿಗೆ ಅಡಿವೆವ್ವ ಮೊಣಕಾಲಿಗೆ ಗಲ್ಲ ಕೊಟ್ಟು ಕುಳಿತಿದ್ದಳು. ಅತ್ತು ಅತ್ತು ಸುಸ್ತಾಗಿ ಈಗ ಹುಲ್ಲುಕಡ್ಡಿ ಮುರಿಯುತ್ತಿದ್ದಳು. ಆಡು ಸತ್ತದ್ದು ಆಕೆಯದು, ಜೈಲಿಗೆ ಹೋಗಬೇಕಾದವಳೂ ಆಕೆ. ಸರಕಾರದ ಲೆಕ್ಕವೇ ಹಾಗೆ.

"ಅಡಿವೆವ್ವಾ, ದ್ಯಾಮವ್ವನ ಹೆಸರಿನ ಆಡು ಸತ್ತರ ಗಂಟಿ ಏನ ಮಾಡಬೇಕು?" ಹಾಲವ್ವ ಅಲ್ಲಿಂದಲೇ ಕೂಗಿದಳು.

"ಗುಡಿಗೆ ಒಯ್ದು ಒಪ್ಪಸಬೇಕ್ರಿ ಯವ್ವಾ. ಮನಿಯಾಗ ಇಟ್ಟಗೋಬಾರದು, ನೆಲಕ್ಕ ಬೀಳಸಬಾರದು."

"ಕೇಳಿದೇನೋ?" ಹಾಲವ್ವ ಗಾರ್ಡಿನ ಕಡೆ ತಿರುಗಿದಳು. "ಈಕೀನಽ ಬಿಚ್ಚಿದ್ದರ ಸೀದಾ ಗುಡಿಗೆ ಒಯ್ಯತಿದ್ದಳು. ತನ್ನ ಆಡು, ತನ್ನ ಗಂಟಿ, ಯಾರ ಅಂಜಿಕಿ? ಇದನ್ನ ಬಿಚ್ಚಿದವರಿಗೆ ದ್ಯಾಮವ್ವ ಅಂದ್ರ ಭಕ್ತಿ ಐತಿ. ಆದ್ರ ಊರಾಗ ಮಾರಿ ತೋರಸೂ ಧೈರ್ಯ ಇಲ್ಲ. ಅದಕ್ಕ ಗಿಡಕ್ಕ ಕಟ್ಟಿ ಕೈ ಮುಗದು ಹೋಗ್ಯಾರ."

ಆಡಿಗೆ ಗಂಟೆ ಕಟ್ಟುವ ಉಪಾಯ ಹಾಲವ್ವನದೇ.

ಸವಣೂರಿನ ಹಯಾತಸಾಹೇಬರು ಪೊಲೀಸ್ ಜಮಾದಾರಿಕೆಯಿಂದ ನಿವೃತ್ತರಾದ ಮೇಲೆ ಚಿರತೆ ಸಂಘ ಕಟ್ಟಿದ್ದರು. ಜನ ಅದನ್ನು ಬೆಕ್ಕಿನ ಸಂಘ ಎಂದು ಕರೆದು ನಕ್ಕಿದ್ದರು. ಸಂಘದ ಕೆಲಸ ಬಲು ಸರಳ. ಯಾರದಾದರೂ ಆಡನ್ನು ಚಿರತೆ ಒಯ್ದರೆ ಅವರಿಗೆ ಸಂಘದಿಂದ ಬೇರೆ ಆಡು. ಅವರು ಸಿಟ್ಟಿಗೆ ವಿಷ ಇಡಬಾರದು, ಉರುಲು ಹಾಕಬಾರದು, ಅಷ್ಟೆ. ಆಡು ಎಲ್ಲಿಂದ ಬರಬೇಕು? ದಾನದಿಂದ. ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳು ಕೊಟ್ಟರು, ಶಿಗ್ಗಾವಿಯ ಟೇಲರ್‌ಗಳು ಸೇರಿ ಒಂದು ಕೊಟ್ಟರು, ಹಿರೇಕೆರೂರಿನ ಹತ್ತಿ ಅಡತಿ ದಲಾಲರು ನಕ್ಕು ನಕ್ಕು ಒಂದು ಜೋಡಿಯನ್ನೇ ಕೊಟ್ಟರು.

ಮೊದಮೊದಲು ಆಡು ಪಡೆದವರು ಮರುವಾರವೇ ಸಂತೆಗೆ ಹೊಡೆದುಕೊಂಡು ಹೋಗಿ ಕಟುಕರಿಗೆ ಮಾರಿಬಿಟ್ಟರು. ಹಯಾತಸಾಹೇಬರು ತಲೆಯ ಮೇಲೆ ಕೈ ಹೊತ್ತು ಕುಳಿತಾಗ ಹಾಲವ್ವನೇ ಹೇಳಿದ್ದು: ದ್ಯಾಮವ್ವನ ಮುಂದೆ ನಿಲ್ಲಿಸಿ, ಭಂಡಾರ ಹಚ್ಚಿ, ಗಂಟೆ ಕಟ್ಟಿ ಕೊಡ್ರಿ, ಆಮೇಲೆ ಯಾರು ಮಾರತಾರೋ ನೋಡೋಣು. ಅಲ್ಲಿಂದೀಚೆ ಒಂದು ಆಡೂ ಸಂತೆಯ ಮುಖ ನೋಡಲಿಲ್ಲ.

ಅಂಥ ಆಡಿಗೆ ವಿಷ ಸುರಿಯುವವನಿಗೆ ಕೈ ನಡುಗಬೇಕು. ನಡುಗಿದ ಕೈಯೇ ಗಂಟೆ ಬಿಚ್ಚಿದೆ. ಗಂಟೆಯ ಬೆಲೆ ತಿಳಿದವರು, ಗವಿಯ ದಾರಿ ತಿಳಿದವರು, ಸತ್ತ ಆಡು ಎಲ್ಲಿ ಬಿದ್ದಿರುತ್ತದೆಂದು ಬೆಳಗಾಗುವಷ್ಟರಲ್ಲಿ ತಿಳಿಯಬಲ್ಲವರು. ಸಂಘದವರಲ್ಲದೆ ಮತ್ತಾರು?

ಆಕೆ ಗಂಟೆಯನ್ನು ಅದನ್ನು ಕಟ್ಟಿದ್ದ ಹೊಸೆದ ಬಟ್ಟೆಯ ಸಮೇತ ಬಿಚ್ಚಿದಳು. ಬನ್ನಿ ಗಿಡದ ತುಂಬ ಹರಕೆಯ ಚಿಂದಿಗಳು ಜೋತಾಡುತ್ತಿದ್ದವು. ಅದರಲ್ಲಿ ಇದೂ ಒಂದು ಎಂದು ಬಟ್ಟೆಯನ್ನು ಆಕೆ ಸರಿಯಾಗಿ ನೋಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನಡೀರಿ, ಉಣ್ಣೂ ಹೊತ್ತಾತು" ಎಂದಳು.

"ಇಂಥಾ ಹೊತ್ತಿನಾಗ ಊಟೇನು ಹಾಲವ್ವಾರ?" ಹಯಾತಸಾಹೇಬರು ಗುಡ್ಡದಿಂದ ಇಳಿದು ಬರುತ್ತಿದ್ದರು. ಬೆಳಿಗ್ಗೆಯಿಂದ ಕಲ್ಲು ಕಲ್ಲು ತಿರುವಿ ನೋಡಿ ಅವರ ಬಿಳಿ ಪೈಜಾಮದ ತುಂಬ ಮುಳ್ಳು ಚುಚ್ಚಿಕೊಂಡಿದ್ದವು. "ಹೊತ್ತು ಇಳಿಯಾಕತ್ತೇತಿ. ಗುಡ್ಡ ಅಂದ್ರ ಅಂಗೈಯಷ್ಟು ಐತೇನು? ಕಾಲು ಎಲ್ಲಂತ ಹುಡುಕೂಣು?"

"ಅದಕ್ಕಽ ಊಟಾ ಹಾಕತೇನಿ. ಹುಡುಕಿ ಸಿಗಲಾರದ್ದು ಕೇಳಿದ್ರ ಸಿಗತೈತಿ, ಬರ್ರಿ ಜಮಾದಾರ್ರ."

ಹಾನಗಲ್ಲ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುವ ಹಾಲವ್ವ ಮನುಷ್ಯರನ್ನು ಓದುವುದು ತಾಟಿನಲ್ಲಿ. ಯಾರು ಎರಡನೇ ರೊಟ್ಟಿಗೆ ಕೈ ಚಾಚುತ್ತಾರೆ, ಯಾರು ಬೇಕೆಂದೇ ಉಳ್ಳಾಗಡ್ಡಿ ಕೇಳುತ್ತಾರೆ, ಯಾರು ಪಲ್ಯ ಕೆದರುತ್ತ ಕುಳಿತುಕೊಳ್ಳುತ್ತಾರೆ, ಎಲ್ಲ ಆಕೆಯ ತಲೆಯಲ್ಲಿರುತ್ತದೆ. ಸಂಘದ ಸೇವಕರಿಗೆ ವಾರಕ್ಕೊಮ್ಮೆ ಬುತ್ತಿ ತರುವುದು ಆಕೆಯ ದಾನ. ಆಡು ಕೊಡುವ ಶಕ್ತಿ ನನಗಿಲ್ಲ, ರೊಟ್ಟಿ ಬಡಿಯುವ ಕೈ ಐತಿ ಎಂದು ಮೊದಲ ದಿನವೇ ಹೇಳಿದ್ದಳು.

ಗುಡ್ಡದ ಬುಡದ ಹಳೇ ಮಂಟಪದಲ್ಲಿ ಮುತ್ತಲ ಎಲೆ ಹಾಸಿದಳು. ಹಯಾತಸಾಹೇಬರು, ಯಲ್ಲಪ್ಪ, ಕೊನೆಗೆ ಹೂವಪ್ಪ ಕುಳಿತರು. ಅಡಿವೆವ್ವನ ಕೈಗೂ ರೊಟ್ಟಿ ಹೋಯಿತು. ಕೈದಿಗೆ ಊಟ ಹಾಕಬಾರದೆಂದು ಕಾನೂನು ಇದ್ದಿದ್ದರೆ ಯಲ್ಲಪ್ಪ ಬಾಯಿ ಬಿಡುತ್ತಿದ್ದನೇನೋ, ಅವನ ಬಾಯಿ ಎಣ್ಣೆಗಾಯಿಯಿಂದ ತುಂಬಿತ್ತು.

ಹೂವಪ್ಪ ಸಂಘದ ಕಾಲು. ದಾನದ ಆಡುಗಳನ್ನು ಸವಣೂರು, ಹಿರೇಕೆರೂರುಗಳಿಂದ ನಡೆಸಿಕೊಂಡು ತರುವವನು ಅವನು, ಕಳೆದುಕೊಂಡವರ ಅಂಗಳಕ್ಕೆ ಮುಟ್ಟಿಸುವವನೂ ಅವನೇ. ಕೂಲಿ ಇಲ್ಲ, ಚಪ್ಪಲಿಯೂ ಇಲ್ಲ. ಚಿರತೆ ಮನುಷ್ಯರಿಗೆ ಏನೂ ಮಾಡುವುದಿಲ್ಲ ಎಂದು ಅವನು ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದರೆ ಬಡಿಗೆ ಹಿಡಿದು ಬಂದವರೂ ಬಡಿಗೆ ಇಳಿಸುತ್ತಿದ್ದರು. ಅಂಥ ಮಾತು, ಅಂಥ ನಗು.

ಆ ನಗು ಈಚೆಗೆ ಎಲ್ಲಿ ಹೋಗಿತ್ತೋ.

ಹಾಲವ್ವ ಬುತ್ತಿಯ ತಳದಿಂದ ಒಂದು ಸಣ್ಣ ಭರಣಿ ತೆಗೆದು ಅವನ ಎಲೆಯ ಪಕ್ಕಕ್ಕೆ ಇಟ್ಟಳು.

"ಹುಣಸಿ ತೊಕ್ಕು. ನಿನ್ನ ಹೇಣ್ತಿ ಯಂಕವ್ವಗ."

ಹೂವಪ್ಪನ ಕೈ ರೊಟ್ಟಿಯ ಮೇಲೆಯೇ ನಿಂತಿತು.

"ಬ್ಯಾಡ್ರಿ ಯಕ್ಕಾ. ಆಕಿ ಬಾಣಂತನಕ್ಕಂತ ಯಲವಿಗಿಗೆ ಹೋಗ್ಯಾಳಲ್ಲ, ತವರಮನಿಗೆ."

"ಯಲವಿಗಿಗೆ ರೈಲಿಲ್ಲೇನು, ಬಸ್ಸಿಲ್ಲೇನು? ಯಾರ ಕೈಯಾಗರ ಕಳಸು. ಸೀಮಂತದ ಕುಬಸದ ದಿನಾ ಎಷ್ಟು ಆಸೆಪಟ್ಟು ನೆಕ್ಕಿದಳು ಹುಡುಗಿ! ಅಲ್ಲಿಂದ ಮುಂದ ನೀ ಬಂದಾಗೊಮ್ಮೆ, ಯಕ್ಕಾ ಯಂಕಿಗೆ ತೊಕ್ಕು, ಯಕ್ಕಾ ಯಂಕಿಗೆ ತೊಕ್ಕು ಅಂತಿದ್ದಿ. ಈಗ ಎಷ್ಟು ದಿನಾ ಆತು ಕೇಳಿ?"

ಹೂವಪ್ಪ ಭರಣಿಯನ್ನು ಆಚೆ ಸರಿಸಿದ. ಹಯಾತಸಾಹೇಬರು ಅಗಿಯುವುದನ್ನು ನಿಲ್ಲಿಸಿದರು.

"ಬಸುರಿ ಬಯಕಿ ಹಂಗ ನಡುದಾರ್ಯಾಗ ನಿಲ್ಲಂಗಿಲ್ಲ ತಮ್ಮಾ" ಎಂದಳು ಹಾಲವ್ವ. ಆಕೆಯ ದನಿ ಇಳಿದಿತ್ತು. "ನಿಂತೈತಿ ಅಂದ್ರ ಏನೋ ಆಗೇತಿ. ಏನಾತು, ಹೇಳು."

ಅವನು ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೋತ್ರಿ ಯಕ್ಕಾ. ಕೂಸು ಹೋತು."

ಅವನು ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಹೊಲಕ್ಕ ಬುತ್ತಿ ತರಾಕತ್ತಿದ್ದಳ್ರಿ. ಹಳ್ಳದಾಗ ಆ ಹೆಣ್ಣ ಚಿರತಿ ಅಡ್ಡ ಬಂದಳಂತ, ಎರಡೂ ಮರಿ ಕಟಗೊಂಡು. ಮುಟ್ಟಲಿಲ್ಲ. ಮೈಮ್ಯಾಲೆ ಹಾರಲಿಲ್ಲ. ಮರಿ ಹಿಂದಕ್ಕ ಹಾಕ್ಕೊಂಡು ಬರೇ ಒಮ್ಮೆ ಗುರ್ರಂದಳಂತ, ಅಷ್ಟಽ. ಯಂಕಿ ಅಂಜಿ ಹಿಂದಕ್ಕ ಸರದು ಕಲ್ಲಿನ ಮ್ಯಾಲೆ ಬಿದ್ದಳು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಹುಬ್ಬಳ್ಳಿ ದವಾಖಾನಿಮಟ ಒಯ್ದೆ. ಗಂಡುಕೂಸು. ಆಕಿ ಮರಿ ಉಳದುವು, ನನ್ನದು ಉಳೀಲಿಲ್ಲ."

"ನಮಗ್ಯಾಕ ಹೇಳಲಿಲ್ಲೋ ಬೇಟಾ?" ಹಯಾತಸಾಹೇಬರು ಅವನ ಕಡೆ ಸರಿದು ಕುಳಿತರು.

"ಹೆಂಗ ಹೇಳಲ್ರಿ? ಊರೂರು ತಿರುಗಿ, ಚಿರತಿ ಏನೂ ಮಾಡಂಗಿಲ್ಲ, ಅಂಜಬ್ಯಾಡ್ರಿ ಅಂದ ಬಾಯಿ ಇದು. ಹೇಳಿದ್ರ ನಾಳಿಗೆ ನಾಕೂ ತಾಲೂಕಿನ ಜನಾ ಬಡಿಗಿ ಹಿಡಕೊಂಡು ಗುಡ್ಡಾ ಏರತಿದ್ದರು. ನಿಮ್ಮ ಸಂಘ ಉಳೀತಿತ್ತೇನು?"

ಹಾಲವ್ವನಿಗೆ ಕಣ್ಣು ತುಂಬಿ ಬಂತು. ಸಂಘ ಉಳಿಸಲು ಇವನು ದುಃಖವನ್ನು ನುಂಗಿದ್ದ. ನುಂಗಿದ್ದು ಒಳಗೇ ಕೊಳೆತು ವಿಷವಾಗಿತ್ತು. ಬುತ್ತಿ ಬಡಿಸುವಾಗ ಪ್ರತಿ ವಾರ ಇವನ ಮುಖ ನೋಡಿದ್ದಳು, ಒಂದು ದಿನವೂ ಕೇಳಿರಲಿಲ್ಲ. ಹಾಳು ತೊಕ್ಕಿನ ಲೆಕ್ಕ ಇವತ್ತು ನೆನಪಾಗುವ ಬದಲು ಅವತ್ತೇ ಆಗಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು.

"ಮೊದಲು ಎಣ್ಣಿ ಸುರದಾವನೂ ನೀನಽ?"

"ಹೂನ್ರಿ." ಅವನು ತಲೆ ಎತ್ತಲಿಲ್ಲ. "ಆವತ್ತು ತಿಂದದ್ದು ಗಂಡು. ಅದರ ಮ್ಯಾಲೆ ನಂಗ ಸಿಟ್ಟಿರಲಿಲ್ಲ. ಅದಕ್ಕ ಈ ಸಲ ಕಾಲು ಕೊಯ್ದು ಒಯ್ದೆ, ಆಕಿಗೆ ಮಾತ್ರ ಸಿಗೂಹಂಗ."

ಮೂಲೆಯಲ್ಲಿ ಕುಳಿತಿದ್ದ ಅಡಿವೆವ್ವ ಎದ್ದು ಬಂದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಯಲ್ಲಪ್ಪ ಅಡ್ಡ ಕೈ ಹಾಕಿದ. ಆಕೆ ಅವನ ಕೈ ಸರಿಸಿ ಹೂವಪ್ಪನ ಎದುರು ಕುಕ್ಕರುಗಾಲಿನಲ್ಲಿ ಕುಳಿತಳು.

"ಆ ಆಡು ನನ್ನ ಅಂಗಳಕ್ಕ ತಂದಾವ ನೀನಽ ಅಲ್ಲೇನೋ ಯಪ್ಪಾ? ಯವ್ವಾ, ಚೊಲೋ ಹಾಲು ಹಿಂಡತೈತಿ ಅಂದಿದ್ದಿ."

ಅಷ್ಟಕ್ಕೇ ಹೂವಪ್ಪ ಬಿಕ್ಕಿ ಬಿಕ್ಕಿ ಅತ್ತ.

ಹಾಲವ್ವ ಅವನನ್ನು ಅಳಲು ಬಿಟ್ಟಳು. ಆದರೆ ಮಂಟಪದ ಕಂಬದ ನೆರಳು ಉದ್ದವಾಗುತ್ತಿತ್ತು. ಗುಡ್ಡದ ನೆತ್ತಿಯ ಮೇಲಿನ ಬಿಸಿಲು ಕೆಂಪಾಗಿತ್ತು.

"ತಮ್ಮಾ, ನಿನ್ನ ಸಿಟ್ಟು ತಪ್ಪಂತ ನಾ ಹೇಳಾಕತ್ತಿಲ್ಲ. ಹಡೆದವರ ಸಿಟ್ಟು ಅದು. ಆದ್ರ ಆಕಿನೂ ಹಡದಾಕಿ. ಆವತ್ತು ಹಳ್ಳದಾಗ ಇಬ್ಬರು ತಾಯಂದ್ರು ಒಬ್ಬರಿಗೊಬ್ಬರು ಅಂಜಿದರು. ಯಾರನ್ನಂತ ಬೈಯೂದು?" ಹಾಲವ್ವ ಅವನ ಭುಜ ಹಿಡಿದಳು. "ಹೇಳು. ಕಾಲು ಎಲ್ಲಿ ಇಟ್ಟಿ?"

ಅವನು ಗುಡ್ಡದ ಕಡೆ ನೋಡಿದ. ಒಂದು ಕ್ಷಣ ಹೇಳುವುದಿಲ್ಲವೇನೋ ಅನ್ನಿಸಿತು.

"ಗವಿ ಬಾಯಿಗೆ. ಎಡಕ್ಕ ಒಂದು ಕಾರಿ ಮುಳ್ಳಿನ ಕಂಟಿ ಐತ್ರಿ. ತಂತಿಲೆ ಬಿಗದು ಕಟ್ಟೇನಿ. ಆಕಿ ಬ್ಯಾಟಿಗೆ ಹೊರಗ ಹೋದ ಹೊತ್ತು ನೋಡಿ ಮುಂಜಾನೆ ಕಟ್ಟಿದೆ."

ಹಯಾತಸಾಹೇಬರು ಆಗಲೇ ಎದ್ದಿದ್ದರು. ಎಪ್ಪತ್ತರ ಹತ್ತಿರದ ಮುದುಕ, ಕೋಲು ಹಿಡಿದು ಗುಡ್ಡ ಏರುವ ರಭಸಕ್ಕೆ ಯಲ್ಲಪ್ಪ ಎಂಜಲು ಕೈಯಲ್ಲೇ ಹಿಂದೆ ಓಡಬೇಕಾಯಿತು.

ಹಾಲವ್ವ ಹೂವಪ್ಪನ ಪಕ್ಕದಲ್ಲಿ ಕುಳಿತಳು. ಕಾಲು ಸಿಕ್ಕೀತು, ಚಿರತೆ ಉಳಿದೀತು, ಅಡಿವೆವ್ವ ಮನೆಗೆ ಹೋದಾಳು. ಇನ್ನು ಇವನದು ಹೇಗೆ ಎಂಬ ಚಿಂತೆ ಆಕೆಗೆ ಹತ್ತಿತು. ಫಾರೆಸ್ಟ್ ಸಾಹೇಬರ ಮುಂದೆ ಏನು ಹೇಳಬೇಕು? ಯಂಕವ್ವನ ಮುಂದೆ ಏನು ಹೇಳಬೇಕು?

"ನಿನ್ನ ಮನಸ್ಸು ಪೂರಾ ಕಲ್ಲಾಗಿಲ್ಲ, ನಂಗೊತ್ತೈತಿ" ಎಂದಳು ಸಮಾಧಾನಕ್ಕೆ. "ದ್ಯಾಮವ್ವನ ಗಂಟಿ ಬಿಚ್ಚಿ, ಭಂಡಾರ ಹಚ್ಚಿ, ಕೈ ಮುಗದು ಬಂದೀಯಲ್ಲ. ಆ ಗಂಟೀನಽ ನಿನ್ನ ಹಿಡಕೊಟ್ಟದ್ದು."

ಹೂವಪ್ಪ ಕಣ್ಣೊರೆಸಿಕೊಂಡು ಆಕೆಯನ್ನು ನೋಡಿದ.

"ಯಾವ ಗಂಟಿರಿ?"

"ಬನ್ನಿ ಗಿಡಕ್ಕ ಕಟ್ಟಿದ್ದು."

"ನಾ ಗಂಟಿ ಬಿಚ್ಚಿಲ್ರಿ ಯಕ್ಕಾ. ಅದನ್ನ ಮುಟ್ಟೂ ಧೈರ್ಯ ನಂಗೆಲ್ಲಿಂದ ಬರಬೇಕು? ಆಡಿನ ಮಾರಿ ಆ ಕಡೆ ಹೊಳ್ಳಿಸಿ, ಕಣ್ಣು ಮುಚ್ಚಿ ಕಾಲು ಕೊಯ್ದೆ. ಗಂಟಿ ಕೊಳ್ಳಾಗಽ ಇತ್ತು."

ಹಾಲವ್ವ ಅವನ ಮುಖವನ್ನು ದಿಟ್ಟಿಸಿದಳು. ಸುಳ್ಳು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಎಲ್ಲವನ್ನೂ ಒಪ್ಪಿಕೊಂಡವನು ಒಂದು ಗಂಟೆಗಾಗಿ ಯಾಕೆ ಸುಳ್ಳು ಹೇಳುತ್ತಾನೆ? ಹಾಗಾದರೆ ಅವನು ಹೋದ ಮೇಲೆ ಮತ್ತೊಬ್ಬರು ಆ ಆಡಿನ ಹತ್ತಿರ ಬಂದಿದ್ದರು. ಅವನು ಮಾಡಿದ್ದನ್ನು ನೋಡಿದ್ದರು.

ಆಕೆ ಸೆರಗಿನ ಗಂಟು ಬಿಚ್ಚಿದಳು. ಗಂಟೆ ಸಣ್ಣಗೆ ಸದ್ದು ಮಾಡಿತು. ಅದನ್ನು ಕಟ್ಟಿದ್ದ ಬಟ್ಟೆ ಹಗ್ಗದಂತೆ ಹೊಸೆದು ಮಣ್ಣಾಗಿತ್ತು. ಬೆರಳಿಗೆ ಉಗುಳು ಹಚ್ಚಿ, ಹುರಿ ಬಿಡಿಸಿ, ತೊಡೆಯ ಮೇಲೆ ಹರವಿ ಉಜ್ಜಿದಳು.

ಹಸಿರು ಬಟ್ಟೆ. ಕೆಂಪು ಅಂಚು. ಅಂಚಿನಲ್ಲಿ ಸಣ್ಣ ಸಣ್ಣ ತೇರಿನ ಚಿತ್ತಾರ.

ಹರಕೆಯ ಚಿಂದಿಯಲ್ಲ ಅದು. ಗುಳೇದಗುಡ್ಡದ ಕುಪ್ಪಸದ ಖಣ. ಯಂಕವ್ವನ ಕುಬಸಕ್ಕೆ ಹಾನಗಲ್ಲ ಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದು, ಈ ತೇರಿನ ಅಂಚೇ ಬೇಕೆಂದು ಹಟ ಹಿಡಿದು, ಹಾಲವ್ವ ತಾನೇ ತಂದು ಆ ಹುಡುಗಿಯ ಉಡಿಯಲ್ಲಿ ಹಾಕಿದ್ದ ಖಣ.

"ಹೂವಪ್ಪಾ" ಎಂದಳು. ದನಿ ತನ್ನದೇ ಅಲ್ಲವೆಂಬಂತೆ ಹೊರಬಿತ್ತು. "ಯಂಕವ್ವ ಯಲವಿಗಿಯೊಳಗ ಅದಾಳಂತ ನಿಂಗ ಯಾರು ಹೇಳಿದರು?"

"ನಾನಽ ಬಿಟ್ಟು ಬಂದೇನಲ್ರಿ, ದವಾಖಾನಿಯಿಂದ ಸೀದಾ. ಯಾಕ್ರಿ?"

ಅವನ ಕಣ್ಣು ಬಟ್ಟೆಯ ಮೇಲೆ ಬಿತ್ತು. ತೊಡೆಯ ಮೇಲಿದ್ದ ಭರಣಿ ಜಾರಿ ಬಂಡೆಗೆ ಬಡಿದು ಒಡೆಯಿತು. ಅವನು ಅದನ್ನು ಗಮನಿಸಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಹಯಾತಸಾಹೇಬರ ಕೂಗು ಕೇಳಿಸಿತು. ಗವಿಯ ಕೆಳಗಿನ ಬಂಡೆಯ ಮೇಲೆ ನಿಂತು ಅವರು ಕೋಲು ಬೀಸುತ್ತಿದ್ದರು.

"ಹಾಲವ್ವಾರ! ಕಾಲು ಇಲ್ರಿ! ತಂತಿ ಬಿಚ್ಚಿ ಯಾರೋ ಒಯ್ದಾರ! ಕಂಟ್ಯಾಗ ಹಸರು ಬಳಿ ಚೂರು ಬಿದ್ದಾವ!"

ಹೂವಪ್ಪ ಎದ್ದು ಓಡತೊಡಗಿದ. ಹಾಲವ್ವ ಸೀರೆ ಎತ್ತಿ ಕಟ್ಟಿ ಹಿಂದೆಯೇ ನಡೆದಳು. ಆ ಹುಡುಗಿ ಕಾಲನ್ನು ಯಾಕೆ ಒಯ್ದಳು? ಗಂಡನ ಪಾಪ ತೊಳೆಯಲೋ, ಗಂಡನಿಂದಾಗದ್ದನ್ನು ತಾನೇ ಮುಗಿಸಲೋ? ಕೂಸು ಕಳೆದುಕೊಂಡ ಹೆಣ್ಣಿನ ಮನಸ್ಸು ಯಾವ ಕಡೆ ಹೊರಳಿತ್ತೆಂದು ಹಾಲವ್ವನಿಗೆ ಹೇಳಲಾಗಲಿಲ್ಲ.

"ಚುಪ್! ಯಾರೂ ಮಾತಾಡಬ್ಯಾಡ್ರಿ!" ಹಯಾತಸಾಹೇಬರು ಗವಿಯ ಕಡೆಗೆ ಕಿವಿಗೊಟ್ಟು ನಿಂತರು. ಆಮೇಲೆ ಅವರ ದನಿ ಕೂಗಿನಂತಿರಲಿಲ್ಲ. "ಒಳಗ ಯಾರೋ ಹೆಣ್ಣಮಗಳು ಕೂಸಿಗೆ ಜೋಗುಳ ಹಾಡಿದಂಗ ಕೇಳಾಕತ್ತೇತ್ರಿ."

ಹಿಂದೆಯೇ ಏರಿ ಬಂದಿದ್ದ ಅಡಿವೆವ್ವ ಹಾಲವ್ವನ ತೋಳು ಹಿಡಿದು ನಿಲ್ಲಿಸಿದಳು. ಮಾತಾಡದೆ ಗುಡ್ಡದ ಆ ತುದಿಗೆ ಬೆರಳು ತೋರಿದಳು.

ಇಳಿಬಿಸಿಲಲ್ಲಿ, ಬೇಟೆಯಿಂದ ಬರಿ ಬಾಯಲ್ಲಿ ಮರಳಿದ ಹೆಣ್ಣು ಚಿರತೆ ತನ್ನ ಮರಿಗಳಿದ್ದ ಗವಿಯ ಕಡೆಗೆ ಇಳಿಯತೊಡಗಿತ್ತು.